ಮೆಟ್ಟಿಲು ಕಿತ್ತ ಬೇಸ್ ಗಿಟಾರಿನ ಸವಕಳಿ ಲೆಕ್ಕ



ದಿಕ್ಸೂಚಿ ಭಾಷಣಕ್ಕೆ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಬರುತ್ತಾನೆ ಎಂದು ತಿಳಿದಾಗ ನಿಮ್ಮಲ್ಲಿ ಅರ್ಧ ಜನ ಎನ್‌ಆರ್‌ಓ ಖಾತೆ, ಬೆಂಗಳೂರಿನ ಸೈಟು ಮಾರಿದ ದುಡ್ಡು, ಎರಡು ದೇಶದ ತೆರಿಗೆ ಎಂದು ಪ್ರಶ್ನೆ ಬರೆದುಕೊಂಡೇ ಬಂದಿರುತ್ತೀರಿ. ಅವೆಲ್ಲ ಕಾಫಿ ಸಮಯಕ್ಕೆ ಇರಲಿ. ಸಂಘದವರು ನನಗೆ ಕೊಟ್ಟ ಸೂಚನೆ ಒಂದೇ: ಆಫೀಸಿನ ವಿಷಯ ಬೇಡ, ನಿಮ್ಮ ಹವ್ಯಾಸದ ಚರಿತ್ರೆ ಹೇಳಿ. ಹ್ಯೂಸ್ಟನ್ನಿನಿಂದ, ಆಸ್ಟಿನ್ನಿನಿಂದ ಬೆಳಗಿನ ಜಾವ ಎದ್ದು ಕಾರು ಓಡಿಸಿಕೊಂಡು ಇರ್ವಿಂಗಿಗೆ ಬಂದವರ ಮುಂದೆ ಹವ್ಯಾಸದ ಮಾತಾಡುವುದು ಸ್ವಲ್ಪ ಸಂಕೋಚವೇ. ಆದರೂ ಹೇಳುತ್ತೇನೆ. ಕೊನೆಯಲ್ಲಿ ಹೇಗೂ ಲೆಕ್ಕಕ್ಕೇ ಬಂದು ನಿಲ್ಲುತ್ತೇನೆ, ಅದು ನನ್ನ ಜಾತಕ.

ನನ್ನ ಹವ್ಯಾಸ ಫ್ರೆಟ್‌ಲೆಸ್ ಬೇಸ್ ಗಿಟಾರ್. ನುಡಿಸುತ್ತೇನೆ, ಕೆಲವು ವರ್ಷಗಳಿಂದ ಸಂಗ್ರಹವನ್ನೂ ಮಾಡುತ್ತಿದ್ದೇನೆ. ನಮ್ಮೂರಿನ ಗಣೇಶೋತ್ಸವದ ಆರ್ಕೆಸ್ಟ್ರಾ ನೆನಪಿಸಿಕೊಳ್ಳಿ. ಮುಂದೆ ಗಾಯಕ, ಪಕ್ಕದಲ್ಲಿ ಕೀಬೋರ್ಡ್, ಹಿಂದೆ ಡ್ರಮ್ಸ್ ಮಗ್ಗುಲಲ್ಲಿ ಯಾರ ಕಡೆಗೂ ನೋಡದೆ ನಾಲ್ಕು ದಪ್ಪ ತಂತಿಯ ಗಿಟಾರ್ ಹಿಡಿದು ನಿಂತಿರುತ್ತಿದ್ದನಲ್ಲ, ಅವನೇ ಬೇಸ್ ವಾದಕ. 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಇಳಯರಾಜರ ಆ ಸಂಗೀತದಲ್ಲಿ ತಳದಲ್ಲಿ ಓಡಾಡುವ ಗಟ್ಟಿ ದನಿ ಬೇಸ್‌ನದು. ಅದು ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ನಿಲ್ಲಿಸಿದರೆ ಹಾಡು ನೆಲ ಬಿಟ್ಟ ಹಾಗಾಗುತ್ತದೆ.

ಸಾಮಾನ್ಯ ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡಲಾಗಿ ಲೋಹದ ಪಟ್ಟಿಗಳಿರುತ್ತವೆ. ವೀಣೆಯವರು ಇವನ್ನೇ ಮೆಟ್ಟಿಲು ಎನ್ನುತ್ತಾರೆ. ಬೆರಳು ಸ್ವಲ್ಪ ಹಿಂದೆ ಮುಂದೆ ಬಿದ್ದರೂ ತಂತಿ ಮೆಟ್ಟಿಲಿಗೇ ತಾಗುವುದರಿಂದ ಸ್ವರ ತಪ್ಪುವುದಿಲ್ಲ. ಫ್ರೆಟ್‌ಲೆಸ್ ಎಂದರೆ ಆ ಮೆಟ್ಟಿಲುಗಳೇ ಇಲ್ಲದ್ದು, ಬರೀ ನುಣುಪಾದ ಮರದ ಹಲಗೆ. ಮೊದಲನೆಯದನ್ನು ಮನೆಗೆ ತಂದ ದಿನ ನನ್ನ ಹೆಂಡತಿ ಕೇಳಿದಳು: “ಇದ್ದ ಅನುಕೂಲವನ್ನು ಕಿತ್ತು ಹಾಕಿ, ಅದಕ್ಕೆ ಇಷ್ಟು ದುಡ್ಡು ಬೇರೆ ಕೊಟ್ಟಿರಾ?” ಅಂದು ನನ್ನಲ್ಲಿ ಉತ್ತರ ಇರಲಿಲ್ಲ. ಈ ಭಾಷಣವೇ ತಡವಾಗಿ ಕೊಡುತ್ತಿರುವ ಉತ್ತರ ಎಂದುಕೊಳ್ಳಿ.

ಮೆಟ್ಟಿಲು ಕೀಳುವ ಕಥೆಗೆ ಮುಂಚೆ ಮೆಟ್ಟಿಲು ಬಂದ ಕಥೆ ಹೇಳಬೇಕು. ಅದು ನಮ್ಮ ಕಡೆಯದೇ. 12ನೇ ಶತಮಾನದ ಕಲ್ಯಾಣದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯ ಇದ್ದ. ಅವನ ಹೆಸರಿಗೆ ಅಂಟಿಕೊಂಡ ಕಿನ್ನರಿ ಒಂದು ತಂತಿವಾದ್ಯ. 13ನೇ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ‘ಸಂಗೀತ ರತ್ನಾಕರ’ ಬರೆದಾಗ ಅದರಲ್ಲಿ ಎರಡೂ ಬಗೆಯ ವಾದ್ಯಗಳಿವೆ: ಮೆಟ್ಟಿಲಿಲ್ಲದ ಏಕತಂತ್ರಿ, ಮೆಟ್ಟಿಲಿರುವ ಕಿನ್ನರಿ. ಅಂದರೆ ಇರಬೇಕೋ ಬೇಡವೋ ಎಂಬ ಆಯ್ಕೆ ಎಂಟು ನೂರು ವರ್ಷಗಳ ಹಿಂದೆಯೇ ಸಂಗೀತಗಾರನ ಮುಂದಿತ್ತು.

ಇದನ್ನು ಲೆಕ್ಕದ ಪ್ರಶ್ನೆಯಾಗಿ ಎತ್ತಿಕೊಂಡವನು ವಿಜಯನಗರದ ರಾಮಾಮಾತ್ಯ. ಅಳಿಯ ರಾಮರಾಯನ ಆಶ್ರಯದಲ್ಲಿದ್ದ ಆತ 1550ರಲ್ಲಿ ‘ಸ್ವರಮೇಳಕಲಾನಿಧಿ’ ಬರೆದ. ಯಾವ ತಂತಿಯ ಕೆಳಗೆ, ಯಾವ ಸ್ವರಕ್ಕೆ, ಎಲ್ಲಿ ಮೆಟ್ಟಿಲು ಕೂರಿಸಬೇಕು ಎಂಬುದನ್ನು ಅದರಲ್ಲಿ ಬಿಡಿಸಿ ಹೇಳುತ್ತಾನೆ. ಅವನು ವಿವರಿಸುವ ವೀಣೆಗಳಲ್ಲಿ ಒಂದಕ್ಕೆ ಅಚ್ಯುತರಾಯನ ಹೆಸರಿದೆ. ಅವನು ಮಾಡುವ ಇನ್ನೊಂದು ವಿಂಗಡಣೆ ನನ್ನಂಥವನಿಗೆ ಬಹಳ ಇಷ್ಟ. ಒಂದು ಬಗೆಯ ವೀಣೆಯಲ್ಲಿ ಎಲ್ಲ ರಾಗಕ್ಕೂ ಒದಗುವಂತೆ ಮೆಟ್ಟಿಲುಗಳನ್ನು ಕಾಯಂ ಕೂರಿಸಿರುತ್ತಾರೆ. ಇನ್ನೊಂದರಲ್ಲಿ ಒಂದೊಂದು ರಾಗಕ್ಕೆ ಬೇಕಾದ ಹಾಗೆ ಅವನ್ನು ಸರಿಸಿಕೊಳ್ಳಬೇಕು. ಮೊದಲನೆಯದು ಅನುಕೂಲ, ಎರಡನೆಯದು ಶುದ್ಧಿ. ಎರಡೂ ಒಟ್ಟಿಗೆ ಪೂರ್ತಿ ಸಿಗುವುದಿಲ್ಲ.

ಏಕೆ ಸಿಗುವುದಿಲ್ಲ? ಷಡ್ಜದಿಂದ ಪಂಚಮಕ್ಕೆ, ಆ ಪಂಚಮವನ್ನೇ ಷಡ್ಜ ಮಾಡಿಕೊಂಡು ಮತ್ತೆ ಅದರ ಪಂಚಮಕ್ಕೆ, ಹೀಗೆ ಹನ್ನೆರಡು ಸಲ ಏರಿದರೆ ಏಳು ಸ್ಥಾಯಿ ಮೇಲೆ ಮತ್ತೆ ಷಡ್ಜಕ್ಕೇ ಬರಬೇಕು. ಬರುವುದಿಲ್ಲ, ಸ್ವಲ್ಪ ದಾಟಿ ಹೋಗುತ್ತದೆ. ಒಂದು ಸ್ಥಾಯಿಯನ್ನು 1200 ಸೆಂಟ್ ಎಂದು ಅಳೆದರೆ ಈ ವ್ಯತ್ಯಾಸ ಸುಮಾರು 23.5 ಸೆಂಟ್. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದ ರಾತ್ರಿಗಳನ್ನು ಕಂಡವರಿಗೆ ಈ ಸಂಕಟ ಗೊತ್ತು. ಪಿಯಾನೊ, ಗಿಟಾರುಗಳು ಕಂಡುಕೊಂಡ ದಾರಿ ಎಂದರೆ ಆ ವ್ಯತ್ಯಾಸವನ್ನು ಹನ್ನೆರಡು ಮನೆಗಳಿಗೂ ಸಮನಾಗಿ ಹಂಚಿ ಲೆಕ್ಕ ಮುಚ್ಚುವುದು. ಪಂಚಮಕ್ಕೆ ಬಂದ ಪಾಲು ಎರಡೇ ಸೆಂಟ್, ಕಿವಿಗೆ ಗೊತ್ತಾಗುವುದಿಲ್ಲ. ಆದರೆ ಅಂತರ ಗಾಂಧಾರ ಕಷ್ಟಕ್ಕೆ ಸಿಕ್ಕಿಕೊಂಡಿತು. ತಂತಿಯನ್ನು ಐದಕ್ಕೆ ನಾಲ್ಕರಂತೆ ಹಿಡಿದಾಗ ಬರುವ ಗಾಂಧಾರ 386 ಸೆಂಟ್. ಗಿಟಾರಿನ ಮೆಟ್ಟಿಲು ಕೊಡುವುದು 400. ತಂಬೂರಿಯ ಜೊತೆ ಬೆಳೆದ ಕಿವಿಗೆ ಈ ಹದಿನಾಲ್ಕು ಸೆಂಟ್ ಚುಚ್ಚುತ್ತದೆ.

ನಮ್ಮ ಸರಸ್ವತಿ ವೀಣೆಯ 24 ಮೆಟ್ಟಿಲುಗಳ ಏರ್ಪಾಡನ್ನು 17ನೇ ಶತಮಾನದ ತಂಜಾವೂರಿನ ರಘುನಾಥ ನಾಯಕನ ಕಾಲಕ್ಕೆ ಸಲ್ಲಿಸುತ್ತಾರೆ. ಅಲ್ಲಿಂದ ಮೈಸೂರಿನ ವೀಣೆ ಶೇಷಣ್ಣ (1852–1926), ವೆಂಕಟಗಿರಿಯಪ್ಪ, ದೊರೆಸ್ವಾಮಿ ಅಯ್ಯಂಗಾರ್ ಅವರವರೆಗೆ ಎಲ್ಲರೂ ನುಡಿಸಿದ್ದು ಕಾಯಂ ಮೆಟ್ಟಿಲಿನ ವೀಣೆಯನ್ನೇ. ಆದರೆ ಆ ಮೆಟ್ಟಿಲನ್ನು ಮೊಳೆ ಹೊಡೆದು ಕೂರಿಸುವುದಿಲ್ಲ. ಜೇನುಮೇಣಕ್ಕೆ ಕಪ್ಪು ಪುಡಿ ಕಲಸಿ, ಬೆಚ್ಚಗೆ ಮಾಡಿ, ಕಿವಿಯಲ್ಲಿ ಕೇಳುತ್ತಾ ಒಂದೊಂದನ್ನೂ ಕೂರಿಸುತ್ತಾರೆ. ಮೇಣ ಹಳೆಯದಾಗಿ ಬಿರಿದರೆ ಮತ್ತೆ ಕರಗಿಸಿ ಹೊಸದಾಗಿ ಮೇಳ ಕಟ್ಟುತ್ತಾರೆ. ಗಮಕ ಬೇಕಾದಾಗ ವೈಣಿಕರು ಮೆಟ್ಟಿಲಿನ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಮೇಲಿನ ಸ್ವರಗಳನ್ನು ಅಲ್ಲೇ ಹುಟ್ಟಿಸುತ್ತಾರೆ. ಹಾಗಾಗಿ ಮೆಟ್ಟಿಲು ಇದ್ದರೆ ಗಮಕ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಮಸ್ಯೆಗೆ ನಮ್ಮಲ್ಲಿ ಎರಡು ಉತ್ತರ ಬೆಳೆದವು. ಮೆಟ್ಟಿಲು ಇಟ್ಟುಕೊಂಡು ತಂತಿ ಎಳೆಯುವುದು ಒಂದು. ಮೆಟ್ಟಿಲನ್ನೇ ಬಿಟ್ಟು ಜಾರುವುದು ಇನ್ನೊಂದು: ಗೋಟುವಾದ್ಯ, ಸರೋದ್, ಪಿಟೀಲು.

ಈಗ ಅಮೆರಿಕಕ್ಕೆ ಬರೋಣ. ಇಲ್ಲಿಯೂ ತಳದ ದನಿ ಕೊಡುತ್ತಿದ್ದದ್ದು ಮೆಟ್ಟಿಲಿಲ್ಲದ ವಾದ್ಯವೇ. ಆಳೆತ್ತರದ ಡಬಲ್ ಬೇಸ್, ನಿಂತು ನುಡಿಸಬೇಕು, ಕಾರಿನಲ್ಲಿ ಹಿಡಿಸುವುದಿಲ್ಲ, ಡ್ರಮ್ಸ್ ಗದ್ದಲದಲ್ಲಿ ಕೇಳಿಸುವುದೂ ಇಲ್ಲ. ಸ್ವರಸ್ಥಾನ ಕೈಗೆ ಹತ್ತಲು ವರ್ಷಗಟ್ಟಲೆ ಬೇಕು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಇದಕ್ಕೆ ಪರಿಹಾರ ತಂದ: ಹೆಗಲಿಗೆ ನೇತುಹಾಕಿಕೊಳ್ಳುವ, ವಿದ್ಯುತ್ತಿನಲ್ಲಿ ನುಡಿಯುವ, 20 ಮೆಟ್ಟಿಲಿನ ಬೇಸ್. ಅದಕ್ಕೆ ಇಟ್ಟ ಹೆಸರು ಪ್ರಿಸಿಷನ್ ಬೇಸ್. ಪ್ರಿಸಿಷನ್ ಎಂದರೆ ನಿಖರತೆ. ಮೆಟ್ಟಿಲು ಇರುವುದರಿಂದ ಯಾರು ಒತ್ತಿದರೂ ಸ್ವರ ನಿಖರ ಎಂಬುದೇ ಆ ಹೆಸರಿನ ಅರ್ಥ. ಜಗತ್ತಿನ ಅರ್ಧ ಸಂಗೀತ ಆ ಅನುಕೂಲದ ಮೇಲೆ ನಿಂತಿದೆ. ನಮ್ಮ ಗಣೇಶೋತ್ಸವವೂ ಸೇರಿ.

ಹತ್ತು ವರ್ಷಕ್ಕೆ ಅದನ್ನು ಕೀಳುವವರು ಹುಟ್ಟಿದರು. ಮುಂದೆ ರೋಲಿಂಗ್ ಸ್ಟೋನ್ಸ್ ತಂಡ ಸೇರಿದ ಬಿಲ್ ವೈಮನ್ 1961ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಅಗ್ಗದ ಬೇಸ್ ಕೊಂಡ. ಅದರ ಹೆಸರು ಡಾಲಸ್ ಟಕ್ಸಿಡೊ. ನಮ್ಮ ಡಾಲಸ್ ಅಲ್ಲ, ಲಂಡನ್ನಿನ ಒಂದು ಕಂಪನಿಯ ಹೆಸರು. ಆದರೂ ಕೇಳಿದಾಗ ನನಗೆ ಒಳಗೊಳಗೇ ಖುಷಿ. ಸವೆದ ಮೆಟ್ಟಿಲುಗಳನ್ನು ಹೊಸದು ಹಾಕಿಸಬೇಕೆಂದು ಕಿತ್ತವನಿಗೆ ಮೆಟ್ಟಿಲಿಲ್ಲದ ದನಿಯೇ ಹಿಡಿಸಿತು, ಹಾಗೇ ಬಿಟ್ಟ. 1966ರಲ್ಲಿ ಆಂಪೆಗ್ ಕಂಪನಿ ಫ್ಯಾಕ್ಟರಿಯಿಂದಲೇ ಮೆಟ್ಟಿಲಿಲ್ಲದ ಬೇಸ್ ಹೊರತಂದಿತು. 1970ರಲ್ಲಿ ಫೆಂಡರ್ ಕೂಡ ತನ್ನ ಪ್ರಿಸಿಷನ್ ಬೇಸನ್ನು ಮೆಟ್ಟಿಲಿಲ್ಲದೆ ಮಾರಲು ತೊಡಗಿತು. ನಿಖರತೆಯ ಹೆಸರಿಟ್ಟುಕೊಂಡು ನಿಖರತೆಯ ಸಾಧನವನ್ನೇ ತೆಗೆದದ್ದು ತಮಾಷೆಯೇ ಸರಿ.

ಆದರೆ ಈ ವಾದ್ಯಕ್ಕೆ ಪ್ರಾಣ ಬಂದದ್ದು ಫ್ಲೋರಿಡಾದ ಹುಡುಗ ಜಾಕೋ ಪಾಸ್ಟೋರಿಯಸ್‌ನಿಂದ. ಅವನ ಬಳಿ 1962ರ ಫೆಂಡರ್ ಜಾಝ್ ಬೇಸ್ ಇತ್ತು. ಮೆಟ್ಟಿಲು ಹೋದ ಸೀಳುಗಳಿಗೆ ಮರದ ಲಪ್ಪ ತುಂಬಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿದ. 1976ರಲ್ಲಿ ಅವನ ಮೊದಲ ಆಲ್ಬಮ್ ಬಂತು. ಅದೇ ವರ್ಷ ವೆದರ್ ರಿಪೋರ್ಟ್ ತಂಡ ಸೇರಿದ, ಜೋನಿ ಮಿಚೆಲ್‌ಳ ‘ಹೆಜೀರಾ’ದಲ್ಲೂ ನುಡಿಸಿದ. ಹಿಂದೆ ನಿಂತು ತಾಳ ಕಾಯುತ್ತಿದ್ದ ವಾದ್ಯ ಮುಂದೆ ಬಂದು ಹಾಡತೊಡಗಿತು. ಲೋಹದ ಬದಲು ಬೆರಳ ಮಾಂಸ ಮತ್ತು ಮರದ ನಡುವೆ ತಂತಿ ಕಂಪಿಸುವಾಗ ಒಂದು ಬಗೆಯ ಗುಂಯ್ ಎನ್ನುವ, ಮೂಗಿನಲ್ಲಿ ಹಾಡಿದಂಥ ನಾದ ಬರುತ್ತದೆ. ತಂಬೂರಿಯ ಜೀವಾಳ ಕೇಳಿದವರಿಗೆ ಅದು ಅಪರಿಚಿತವಲ್ಲ. ನನ್ನನ್ನು ಹಿಡಿದದ್ದೂ ಅದೇ.

ಈ ಕಥೆಯಲ್ಲಿ ಟೆಕ್ಸಸ್ಸಿಗೂ ಪಾಲಿದೆ. ಮೆಟ್ಟಿಲಿರುವ ಗಿಟಾರಿನಲ್ಲೇ ಮೆಟ್ಟಿಲನ್ನು ಮೀರುವುದು ಇಲ್ಲಿಯ ಬ್ಲೂಸ್ ಗಾಯಕರಿಗೆ ಮೊದಲೇ ಗೊತ್ತಿತ್ತು. ತಂತಿಯ ಮೇಲೆ ಗಟ್ಟಿಯಾದದ್ದೇನನ್ನಾದರೂ ಜಾರಿಸಿ, ಮೆಟ್ಟಿಲು ಮುಟ್ಟದೆ ನುಡಿಸುವ ಕ್ರಮ ಅದು. ಕಣ್ಣು ಕಾಣದ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರ ಡಿಸೆಂಬರ್ 3ರಂದು ನಮ್ಮ ಪಕ್ಕದ ಡಾಲಸ್ಸಿನಲ್ಲಿ ಕೂತು ಹೀಗೆ ನುಡಿಸಿ, ಮಾತಿಲ್ಲದೆ ಗುನುಗಿ, ಒಂದು ಹಾಡು ಮುದ್ರಿಸಿದ. 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಕಳಿಸಿದ ಚಿನ್ನದ ತಟ್ಟೆಯಲ್ಲಿ ಅದು ಇದೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ. ಒಂದು ಡಾಲಸ್ಸಿನ ಜಾರು, ಇನ್ನೊಂದು ನಮ್ಮ ನೆರೆಯ ಗೋವೆಯಲ್ಲಿ ಹುಟ್ಟಿದ ಗಾಯಕಿಯ ಮೀಂಡ್. ಎರಡೂ ಪಿಯಾನೊದ ಮನೆಗಳ ನಡುವಿನ ಜಾಗದಲ್ಲಿ ಬದುಕಿದ ಸಂಗೀತ. 1935ರ ಜನವರಿಯಲ್ಲಿ ಫೋರ್ಟ್ ವರ್ತ್‌ನ ಮಿಲ್ಟನ್ ಬ್ರೌನ್ ತಂಡದ ಬಾಬ್ ಡನ್ ಇದೇ ಜಾರುವ ಸ್ಟೀಲ್ ಗಿಟಾರಿಗೆ ವಿದ್ಯುತ್ ಕೊಟ್ಟು ಶಿಕಾಗೋದಲ್ಲಿ ಧ್ವನಿಮುದ್ರಿಸಿದ. ಫ್ರೆಟ್‌ಲೆಸ್ ಬೇಸ್ ಬರುವ ಮೂವತ್ತು ವರ್ಷ ಮುಂಚೆಯೇ ಈ ಸುತ್ತಮುತ್ತಲಿನ ಕಿವಿಗಳು ಅದಕ್ಕೆ ಸಿದ್ಧವಾಗಿದ್ದವು.

ಕರ್ನಾಟಕದ ಕಡೆಯಿಂದಲೂ ದಾರಿ ಬಂದು ಇದಕ್ಕೆ ಸೇರುತ್ತದೆ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಟ್ಟಿದರು. ಅವರೂ ಗಾಯಕಿ ಆರ್.ಎ. ರಮಾಮಣಿಯವರೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ ಜೊತೆ ಸೇರಿ 1983ರಲ್ಲಿ ‘ಜ್ಯೋತಿ’ ಆಲ್ಬಮ್ ಮಾಡಿದರು. ಅದೇ ಮಾರಿಯಾನೋ ಅದಕ್ಕೆ ಮುಂಚೆ ವರ್ಷಗಳ ಕಾಲ ಜರ್ಮನಿಯ ಎಬರ್‌ಹಾರ್ಡ್ ವೇಬರ್ ತಂಡದಲ್ಲಿದ್ದ. ವೇಬರ್ ನುಡಿಸುತ್ತಿದ್ದದ್ದು ತಾನೇ ರೂಪಿಸಿಕೊಂಡ ಮೆಟ್ಟಿಲಿಲ್ಲದ ವಿದ್ಯುತ್ ಬೇಸ್. 1975ರಲ್ಲಿ ಮುದ್ರಿಸಿದ ಅವರ ‘ಯೆಲ್ಲೋ ಫೀಲ್ಡ್ಸ್’ನಲ್ಲಿ ಮಾರಿಯಾನೋ ನಾಗಸ್ವರ ನುಡಿಸಿದ್ದಾನೆ. ಮೆಟ್ಟಿಲಿಲ್ಲದ ಬೇಸ್ ಮೇಲೆ ನಾಗಸ್ವರ ಹೇಗೆ ಕೂರುತ್ತದೆ ಎಂದು ಅನುಮಾನ ಇದ್ದವರು ಕೇಳಿ ನೋಡಿ. ಎರಡೂ ಒಂದೇ ಊರಿನವರಂತೆ ಮಾತಾಡುತ್ತವೆ. ಇದಕ್ಕೆ ಎದುರು ದಿಕ್ಕಿನಲ್ಲಿ, ಶಕ್ತಿ ತಂಡದ ಜಾನ್ ಮೆಕ್‌ಲಾಫ್ಲಿನ್ ಅಮೆರಿಕದಲ್ಲೇ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತು, ಮೆಟ್ಟಿಲು ಕೀಳದೆ ಅವುಗಳ ನಡುವಿನ ಮರವನ್ನು ತೋಡಿಸಿದ ಗಿಟಾರಿನಲ್ಲಿ ವೀಣೆಯಂತೆ ತಂತಿ ಎಳೆದ. ನಮ್ಮ ಎರಡು ಉತ್ತರಗಳನ್ನೂ ಅವರು ಕಂಡುಕೊಂಡಿದ್ದರು.

ನಮ್ಮವರೇ ಆದ ರಾಜೀವ ತಾರಾನಾಥರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿನಲ್ಲಿ 1932ರಲ್ಲಿ ಹುಟ್ಟಿ, ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದವರು ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಅದಕ್ಕೇ ಬದುಕು ಕೊಟ್ಟರು. ಸರೋದಿನಲ್ಲಿ ಮರವೂ ಇಲ್ಲ, ಉಕ್ಕಿನ ನುಣುಪು ತಗಡು. ಅದರ ಮೇಲೆ ಉಗುರಿನ ತುದಿ ಜಾರಬೇಕು. 1970ರ ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ಕೊಟ್ಟವರು ಅವರೇ. 1995ರಿಂದ 2005ರವರೆಗೆ ಅವರೂ ನಮ್ಮ ಹಾಗೆ ಈ ದೇಶದಲ್ಲಿದ್ದರು, ಕ್ಯಾಲಿಫೋರ್ನಿಯಾದಲ್ಲಿ ಕಲಿಸುತ್ತಾ. 2024ರ ಜೂನ್‌ನಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಉಗುರು ಸವೆಯುವ ವಾದ್ಯವನ್ನು ಆರು ದಶಕಕ್ಕೂ ಹೆಚ್ಚು ಕಾಲ ಹಿಡಿದವರು ಎಂದು ನಾನು ಅವರನ್ನು ನೆನೆಯುತ್ತೇನೆ.

ಸವೆಯುವ ಮಾತು ಬಂತು. ಈಗ ನನ್ನ ನಿಜವಾದ ವಿಷಯಕ್ಕೆ ಬರುತ್ತೇನೆ.

ಮೆಟ್ಟಿಲು ಕಿತ್ತ ಮೇಲೆ ಉಳಿಯುವುದು ಮರ. ಫೆಂಡರ್ 1959ರ ಹೊತ್ತಿಗೆ ತನ್ನ ಗಿಟಾರುಗಳ ಬೆರಳುಹಲಗೆಗೆ ಬ್ರೆಜಿಲ್‌ನ ರೋಸ್‌ವುಡ್ ಹಾಕುತ್ತಿತ್ತು. 1960ರ ದಶಕದ ಮಧ್ಯದಿಂದ ಭಾರತದ ರೋಸ್‌ವುಡ್ಡಿಗೆ ಬದಲಾಯಿತು. ಭಾರತದ ರೋಸ್‌ವುಡ್ ಎಂದರೆ ಬೇರೇನಲ್ಲ, ನಮ್ಮ ಪಶ್ಚಿಮ ಘಟ್ಟದ ಬೀಟೆ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದವರು ಈ ಸಭೆಯಲ್ಲಿ ಎಷ್ಟು ಜನರಿದ್ದೀರೋ, ನಿಮ್ಮ ಹಳೆ ಮನೆಯ ಬಾಗಿಲುವಾಡವೋ ಮಂಚವೋ ಬೀಟೆಯದಾಗಿದ್ದಿರಬಹುದು. ಮೈಸೂರಿನ ಬೀಟೆ ಕುಸುರಿ ಕೆಲಸಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಮೆಟ್ಟಿಲಿರುವ ಗಿಟಾರಿನಲ್ಲಿ ಈ ಮರ ಬರೀ ಆಧಾರ, ತಂತಿ ತಾಗುವುದು ಲೋಹಕ್ಕೆ. ಮೆಟ್ಟಿಲಿಲ್ಲದ್ದರಲ್ಲಿ ತಂತಿ ಮರವನ್ನೇ ಮುಟ್ಟುತ್ತದೆ. ಡಾಲಸ್ಸಿನ ಅಂಗಡಿಯಲ್ಲಿ ಮೊದಲ ಸಲ ಕೈಗೆತ್ತಿಕೊಂಡಾಗ ಬೆರಳಿಗೆ ಸಿಕ್ಕಿದ್ದು ನಮ್ಮ ಕಾಡಿನ ಜಾತಿಯ ಮರ ಎಂದು ಗೊತ್ತಾದ ಮೇಲೆ, ಹೇಗೆ ಬಿಟ್ಟು ಬರಲಿ ಹೇಳಿ.

ಸಂಗ್ರಹ ಶುರುವಾದದ್ದು ಹೀಗೆ. ಡಾಲಸ್ಸಿನಲ್ಲಿ 1978ರಿಂದ ನಡೆಯುತ್ತಾ ಬಂದಿರುವ ಗಿಟಾರ್ ಉತ್ಸವ ಇದೆ. ಹಳೆ ವಾದ್ಯಗಳನ್ನು ಕೊಳ್ಳುವವರು, ಮಾರುವವರು, ಬರೀ ನೋಡುವವರು ಎಲ್ಲ ಸೇರುತ್ತಾರೆ. ನಾನು ನೋಡಲು ಹೋಗಿ ಕೊಂಡವನು. 2017ರ ಜನವರಿಯಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್ ಎಲ್ಲ ಜಾತಿಯ ರೋಸ್‌ವುಡ್ಡನ್ನೂ ತನ್ನ ಪಟ್ಟಿಗೆ ತಂದಿತು. ಗಡಿ ದಾಟಿಸಿ ಮಾರಲು ಕಾಗದಪತ್ರ ಬೇಕಾಯಿತು. ಫೆಂಡರ್ ತನ್ನ ಮೆಕ್ಸಿಕೋ ಕಾರ್ಖಾನೆಯ ಗಿಟಾರುಗಳಿಗೆ ಪಾವ್ ಫೆರೋ ಎಂಬ ಬೇರೆ ಮರ ಹಾಕತೊಡಗಿತು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮಧ್ಯದ ಮೂರು ವರ್ಷ ನನ್ನಂಥವರು ‘ಇನ್ನು ಬೀಟೆ ಸಿಗುವುದಿಲ್ಲ’ ಎಂದು ಒಂದರ ಮೇಲೊಂದು ಕ್ಲಿಕ್ ಮಾಡಿದೆವು. ಐದು ಬೇಸ್ ಸೇರಿದವು. ಎಕ್ಸೆಲ್‌ನಲ್ಲಿ ಒಂದು ಶೀಟು: ಮಾಡಿದ ವರ್ಷ, ಕೊಂಡ ಬೆಲೆ, ಇಂದಿನ ಬೆಲೆ. ಇಂದಿನ ಬೆಲೆಯ ಕಾಲಂ ಏರುವುದನ್ನು ನೋಡುವುದೇ ಒಂದು ಸುಖ. ಎರಡನ್ನು ನುಡಿಸುತ್ತಿದ್ದೆ, ಮೂರು ಪೆಟ್ಟಿಗೆಯಲ್ಲಿದ್ದವು. ಏಕೆಂದರೆ ನುಡಿಸಿದರೆ ಹಾಳಾಗುತ್ತದೆ. ಸುರುಳಿ ಸುತ್ತಿದ ಉಕ್ಕಿನ ತಂತಿ ಬರೀ ಮರದ ಮೇಲೆ ಜಾರಿದರೆ ಅರ ಹಾಕಿದ ಹಾಗೆ. ಬೀಟೆ ಎಷ್ಟೇ ಗಟ್ಟಿಯಾದರೂ ಗೆರೆ ಬೀಳುತ್ತದೆ. ಜಾಕೋ ದೋಣಿಯ ಎಪಾಕ್ಸಿ ಹಚ್ಚಿದ್ದು ಚಂದಕ್ಕಲ್ಲ.

ಇಲ್ಲಿ ನನ್ನ ವೃತ್ತಿಯ ಒಂದು ಪ್ರಕರಣ ಹೇಳಲೇಬೇಕು. 1984ರಲ್ಲಿ ಲಿಡಲ್ ಎಂಬ ವೃತ್ತಿಪರ ಬೇಸ್ ವಾದಕ, ಇಟಲಿಯ ಫ್ರಾನ್ಸೆಸ್ಕೊ ರುಜ್ಜೇರಿ 17ನೇ ಶತಮಾನದಲ್ಲಿ ಮಾಡಿದ ಬೇಸ್ ಒಂದನ್ನು 28,000 ಡಾಲರಿಗೆ ಕೊಂಡ. 1987ರ ತೆರಿಗೆ ಲೆಕ್ಕದಲ್ಲಿ ಅದರ ಮೇಲೆ 3,170 ಡಾಲರ್ ಸವಕಳಿ ಕಳೆದ. ವಿಮೆಗಾಗಿ ಬೆಲೆ ಕಟ್ಟಿದಾಗ ಅದು 38,000 ಡಾಲರ್ ಆಗಿತ್ತು. ತೆರಿಗೆ ಇಲಾಖೆ ಕೇಳಿತು: ಬೆಲೆ ಏರುತ್ತಿರುವ ವಸ್ತುವಿಗೆ ಸವಕಳಿ ಎಂಥದು? ಪ್ರಶ್ನೆ ನ್ಯಾಯವಾದದ್ದೇ. ಆದರೆ 1994ರಲ್ಲಿ ತೆರಿಗೆ ನ್ಯಾಯಾಲಯ, 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡೂ ವಾದಕನ ಪರ ತೀರ್ಪು ಕೊಟ್ಟವು. ಸಾರಾಂಶ ಇಷ್ಟು: ದಿನವೂ ನುಡಿಸುವ ವಾದ್ಯ ದಿನವೂ ಸವೆಯುತ್ತದೆ. ಬೆವರು, ಉಸಿರು, ಒತ್ತಡ ಅದನ್ನು ತಿನ್ನುತ್ತವೆ, ಕ್ರಮೇಣ ದನಿ ಬತ್ತುತ್ತದೆ. ಪೇಟೆಯಲ್ಲಿ ಬೆಲೆ ಏರುವುದು ಬೇರೆ ಮಾತು. ಗೋಡೆಗೆ ತೂಗುಹಾಕಿದ ಚಿತ್ರಕ್ಕೆ ಈ ಸವಕಳಿ ಇಲ್ಲ, ದುಡಿಯುವ ವಾದ್ಯಕ್ಕೆ ಇದೆ. ಆ ತೀರ್ಪನ್ನು ಬೇರೆ ಪ್ರಕರಣಗಳಲ್ಲಿ ಒಪ್ಪುವುದಿಲ್ಲ ಎಂದು ಇಲಾಖೆ 1996ರಲ್ಲಿ ಹೇಳಿತು. ದಯವಿಟ್ಟು ಮನೆಗೆ ಹೋಗಿ ಮಗಳ ವಯಲಿನ್ನಿಗೆ ಸವಕಳಿ ಹಾಕಬೇಡಿ. ಹವ್ಯಾಸಕ್ಕೆ ಅದು ಸಲ್ಲುವುದಿಲ್ಲ.

ಪ್ರಕರಣ ಓದಿದ ಮೇಲೆ ನನ್ನ ಎಕ್ಸೆಲ್ ಶೀಟು ಬೇರೆಯಾಗಿ ಕಂಡಿತು. ಪೆಟ್ಟಿಗೆಯಲ್ಲಿದ್ದ ಮೂರು ಬೇಸ್‌ಗಳಿಗೆ ಸವಕಳಿ ಸೊನ್ನೆ. ಆ ಸೊನ್ನೆಯ ಅರ್ಥ ಅವು ವಾದ್ಯಗಳೇ ಅಲ್ಲ ಎಂದು. ಇನ್ನೊಂದು ಪಾಠ ಆಮೇಲೆ ಆಯಿತು. ಎರಡು ವರ್ಷ ತೆರೆಯದೆ ಇಟ್ಟಿದ್ದ, ಇದ್ದುದರಲ್ಲಿ ದುಬಾರಿಯಾದ ಬೇಸನ್ನು ಒಂದು ದಿನ ತೆಗೆದು ನೋಡಿದರೆ ತಂತಿಗಳ ಎಳೆತಕ್ಕೂ ಟೆಕ್ಸಸ್ಸಿನ ಒಣಹವೆ ತೇವಕ್ಕೂ ಅದರ ಕತ್ತು ಬಾಗಿ ತಿರುಚಿಕೊಂಡಿತ್ತು. ನುಡಿಸುತ್ತಿದ್ದರೆ ಒಂದೇ ವಾರದಲ್ಲಿ ಕೈಗೆ ಗೊತ್ತಾಗುತ್ತಿತ್ತು. ನುಡಿಸದ್ದರಿಂದ ಉಳಿಯುತ್ತದೆ ಎಂದುಕೊಂಡದ್ದು ನನ್ನ ತಪ್ಪು ಲೆಕ್ಕ. ಹಾಳಾಗುವುದು ಎರಡೂ ಕಡೆ ಇದ್ದೇ ಇದೆ. ಒಂದು ಕಡೆ ಅದು ಗೊತ್ತಾಗುತ್ತದೆ, ಪ್ರತಿಯಾಗಿ ಸಂಗೀತ ಸಿಗುತ್ತದೆ.

ಜಾಕೋನ ಬೇಸಿನ ಕಥೆಯೂ ಇದೇ. ಅದು ಸವೆಯಿತು, ಒಡೆಯಿತು, ಚೂರು ಜೋಡಿಸಿ ರಿಪೇರಿಯಾಯಿತು. 1986ರಲ್ಲಿ ನ್ಯೂಯಾರ್ಕಿನ ಪಾರ್ಕಿನಲ್ಲಿ ಕಳುವಾಯಿತು. ಮರುವರ್ಷ ಅವನು 35ನೇ ವಯಸ್ಸಿನಲ್ಲಿ ತೀರಿಕೊಂಡ. ಎರಡು ದಶಕದ ನಂತರ 2006ರಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. 2010ರಲ್ಲಿ ಮೆಟಾಲಿಕಾ ತಂಡದ ಬೇಸ್ ವಾದಕ ರಾಬರ್ಟ್ ಟ್ರುಹಿಯೋ ಹಣ ಕೊಟ್ಟು ಬಿಡಿಸಿಕೊಂಡ. ಅಷ್ಟು ಜಖಂ ಆದ ಮರಕ್ಕೆ ಅಷ್ಟು ಬೆಲೆ ಬಂದದ್ದು ಅದನ್ನು ಜೋಪಾನವಾಗಿ ಇಟ್ಟಿದ್ದಕ್ಕಲ್ಲ.

ಕಳೆದ ರಾಜ್ಯೋತ್ಸವದ ತಾಲೀಮಿಗೆ ನಾನು ಆ ಬಾಗಿದ ಕತ್ತನ್ನು ಸರಿಮಾಡಿಸಿಕೊಂಡು ಹೋದೆ. ಭಾವಗೀತೆಗೆ ಬೇಸ್ ಹಿಡಿಯಬೇಕಿತ್ತು. ನನ್ನ ಬೇಸಿನಲ್ಲಿ ಮೆಟ್ಟಿಲು ಇರಬೇಕಿದ್ದ ಜಾಗಗಳಲ್ಲಿ ತೆಳು ಗೆರೆ ಎಳೆದಿದ್ದಾರೆ, ಕಲಿಯುವವರಿಗೆ ಗುರುತಿಗೆ. ನಮ್ಮ ಮಕ್ಕಳಿಗೆ ವೀಣೆ ಹೇಳಿಕೊಡುವ ಹಿರಿಯರೊಬ್ಬರು ಸ್ವಲ್ಪ ಹೊತ್ತು ಕೇಳಿ ಹತ್ತಿರ ಬಂದರು. “ಏನಪ್ಪಾ, ಗೆರೆ ನೋಡ್ಕೊಂಡು ನುಡಿಸ್ತಾ ಇದ್ದೀಯಲ್ಲ. ಕಣ್ಣು ಮುಚ್ಚಿ ಗಾಂಧಾರ ಹಿಡಿ ನೋಡೋಣ.” ಹಿಡಿದೆ. “ಇನ್ನೂ ಸ್ವಲ್ಪ ಕೆಳಗೆ. ಹ್ಞಾಂ, ಅಲ್ಲಿ.” ಕಣ್ಣು ಬಿಟ್ಟರೆ ಬೆರಳು ಗೆರೆಗಿಂತ ಹಿಂದೆ ಇತ್ತು. ಮನೆಗೆ ಬಂದು ಲೆಕ್ಕ ಹಾಕಿದೆ. 34 ಇಂಚಿನ ತಂತಿಯಲ್ಲಿ ಶುದ್ಧ ಗಾಂಧಾರ ಕುದುರೆಯಿಂದ 27.2 ಇಂಚಿಗೆ ಬೀಳುತ್ತದೆ. ಗೆರೆ ಇರುವುದು 26.99 ಇಂಚಿಗೆ. ನಡುವೆ ಐದೂವರೆ ಮಿಲಿಮೀಟರ್. ಪಂಚಮಕ್ಕಾದರೆ ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ. ಅವರು ಸ್ಕೇಲ್ ಹಿಡಿಯದೆ, ನನ್ನ ವಾದ್ಯವನ್ನು ಮುಟ್ಟದೆ ಆ ಐದೂವರೆ ಮಿಲಿಮೀಟರನ್ನು ಕಿವಿಯಲ್ಲೇ ಅಳೆದಿದ್ದರು.

ಹೆಂಡತಿಯ ಪ್ರಶ್ನೆಗೆ ನನ್ನ ಉತ್ತರ ಅಲ್ಲಿ ಸಿಕ್ಕಿತು. ಮೆಟ್ಟಿಲು ಇರುವಾಗ ಸ್ವರದ ಜವಾಬ್ದಾರಿ ಕಾರ್ಖಾನೆಯದು, ಕಿತ್ತ ಮೇಲೆ ನನ್ನದು. ನನಗೆ ಬೇಕಾದದ್ದು ಆ ಜವಾಬ್ದಾರಿ. ದಿನವಿಡೀ ರೌಂಡ್ ಆಫ್ ಮಾಡುವವನಿಗೆ ಸಂಜೆ ಒಂದು ಗಂಟೆ ರೌಂಡ್ ಆಫ್ ಮಾಡದೆ ಇರುವ ಜಾಗ ಅದು. ಸ್ವರ ತಪ್ಪುತ್ತದೆ, ಮರ ಸವೆಯುತ್ತದೆ, ಅದರ ಖರ್ಚು ನನ್ನ ಹೆಸರಿಗೇ ಬರೆಯಬೇಕು.

ನಾವು ಇಲ್ಲಿಗೆ ಬರುವಾಗ ಕಟ್ಟಿಕೊಂಡು ಬಂದ ಬಹಳಷ್ಟು ವಸ್ತುಗಳು ನಮ್ಮ ಮನೆಗಳಲ್ಲಿ ಪೆಟ್ಟಿಗೆಯಲ್ಲಿವೆ. ಅಮ್ಮ ಕೊಟ್ಟ ಹಾರ್ಮೋನಿಯಂ, ಮೇಣ ಬಿರಿದ ವೀಣೆ, ತಂತಿ ತೆಗೆದಿಟ್ಟ ತಂಬೂರಿ. ಹಾಳಾದೀತು ಎಂದು ಮಕ್ಕಳ ಕೈಗೆ ಕೊಟ್ಟಿಲ್ಲ. ನಾನು ಹೇಳುವುದಿಷ್ಟು: ಈ ವಾರ ಒಂದನ್ನು ಹೊರಗೆ ತೆಗೆಯಿರಿ. ಮೇಣವನ್ನು ಮತ್ತೆ ಕರಗಿಸಬಹುದು.

ನಾನು ಪೆಟ್ಟಿಗೆಯಲ್ಲಿದ್ದ ಮೂರರಲ್ಲಿ ಒಂದನ್ನು ಮಾರಿದೆ, ಒಂದನ್ನು ನಮ್ಮ ಸಂಘದ ತಂಡಕ್ಕೆ ಕೊಟ್ಟಿದ್ದೇನೆ. ಮೂರನೆಯದು, ಕತ್ತು ಬಾಗಿ ರಿಪೇರಿಯಾದದ್ದು, ಊಟದ ಹಾಲಿನ ಪಕ್ಕದ ಟೇಬಲ್ ಹತ್ತಿರ ಸ್ಟ್ಯಾಂಡಿನಲ್ಲಿದೆ. ಊಟ ಆದ ಮೇಲೆ ದೊಡ್ಡವರು, ಮಕ್ಕಳು ಯಾರು ಬೇಕಾದರೂ ಎತ್ತಿಕೊಂಡು ನುಡಿಸಿ. ಕೈ ತೊಳೆದುಕೊಳ್ಳಿ, ಅಷ್ಟು ಸಾಕು. ಗೆರೆ ಬಿದ್ದರೆ ಬೀಳಲಿ.